ಕೊನೇ ವಾರದಲ್ಲಿ ತಿರುಗಿ ಬಂದವನಿಗೂ ಅದೇ ರಕ್ಷಣೆ ಅಲ್ವಾ? ಹಾಗಿದ್ರೆ ನಮಗೇಕೆ ಸಿಟ್ಟು?

ಗದಗ_ಗಾಳಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮ ಸೋದರಮಾವ ಈಚೆಗೆ ತೀರಿಕೊಂಡರು. ಹುಟ್ಟು ಕ್ರೈಸ್ತರು. ಕೂಸಿದ್ದಾಗ ದೀಕ್ಷಾಸ್ನಾನ, ಹರೆಯದಲ್ಲಿ ದೃಢೀಕರಣ, ಎಲ್ಲಾ ಆಗಿತ್ತು. ಆಮೇಲೆ ಕುಡಿತ, ಇಸ್ಪೀಟು, ಮನೆ ಬಿಟ್ಟು ಓಡಾಟ. ಅತ್ತೆ ಹೊಲಿಗೆ ಮಾಡಿ ಮಕ್ಕಳನ್ನ ಸಾಕಿದರು. ಮಾವ ಚರ್ಚ್ ಮೆಟ್ಟಿಲು ಹತ್ತಿದ್ದನ್ನ ನಾನಂತೂ ನೋಡಿಲ್ಲ. ಲಿವರ್ ಕೈಕೊಟ್ಟು ಆಸ್ಪತ್ರೆ ಸೇರಿದಾಗ "ಅಯ್ಯನವರನ್ನ ಕರೆಸ್ರಿ" ಅಂತ ಅವರೇ ಕೇಳಿದರು. ಎಲ್ಲಾ ಹೇಳಿಕೊಂಡು ಅತ್ತರು, ಅತ್ತೆಯ ಕ್ಷಮೆ ಕೇಳಿದರು, ಕರ್ತನ ಭೋಜನ ತಗೊಂಡರು. ಒಂದು ವಾರ ಕಳೆಯೋದರೊಳಗೆ ಹೋದರು.

ಸಮಾಧಿಗೆ ಜಾಗ ಕೇಳೋಕೆ ಹೋದ್ರೆ ಕಮಿಟಿಯಲ್ಲಿ ಗಲಾಟೆ. ಸಭೆಯ ರೋಲ್‌ನಲ್ಲಿ ಹೆಸರಿಲ್ಲ, ಚಂದಾ ಬಾಕಿ ಇದೆ ಅಂತ. ಹಿರಿಯರೊಬ್ಬರು ಎಲ್ಲರೆದುರಿಗೇ "ಸಂಕಟ ಬಂದಾಗ ವೆಂಕಟರಮಣ ಅನ್ನೋದು ನಮ್ಮಲ್ಲೂ ಶುರುವಾಯ್ತೇನು?" ಅಂದರು. ಖಜಾಂಚಿ ಶವಾಗಾರದ ಬಾಗಿಲಲ್ಲೇ ರಸೀದಿ ಪುಸ್ತಕ ತೆಗೆದು, ಕಾರ್ಬನ್ ಹಾಳೆ ಸರಿಮಾಡಿಕೊಂಡು, ಬಾಕಿ ಬರೆದರು. ಕಟ್ಟಿದೆವು. ಆಮೇಲೆ ಸಮಾಧಿ ಆಯ್ತು.

ಚಂದಾ ವಿಷಯ ಬಿಡಿ. ನನ್ನ ಪ್ರಶ್ನೆ ಬೇರೆ. ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಅಂತ ಪ್ರತಿ ಭಾನುವಾರ ಕೇಳ್ತೀವಿ. ಆದ್ರೆ ಒಬ್ಬ ಮನುಷ್ಯ ನಿಜವಾಗಿ ಆ ಕೃಪೆ ಹಿಡಿದುಕೊಂಡು ಬಂದ್ರೆ ನಮಗೆ ಮೈಯೆಲ್ಲಾ ಉರಿಯುತ್ತೆ. ಯಾಕೆ? ಇನ್ನೊಂದು, ನಮ್ಮವ್ವ ದಿನಾ ಕೇಳ್ತಾಳೆ, "ನನ್ನ ತಮ್ಮ ಅಲ್ಲಿ ಸೇರಿದನೇನಪ್ಪಾ?" ಏನು ಹೇಳಲಿ?

---

ಕೊನೇ_ಬೆಂಚು

ಯೇಸುವಿನ ಪಕ್ಕದ ಶಿಲುಬೆ ಮೇಲೆ ಸಾಯೋ ಹೊತ್ತಲ್ಲಿ ಬೇಡಿಕೊಂಡು ಪರದೈಸು ಸೇರಿದ ಕಳ್ಳ ಯಾವ ಚಂದಾ ಕಟ್ಟಿದ್ದ? ಲೂಕ 23. ಅವ್ವನಿಗೆ ಅದನ್ನೇ ಓದಿ ಹೇಳಿ. ಮುಗೀತು.

---

ಲೆಕ್ಕಪತ್ರ_ಮಾಮ

ಮುಗೀಲಿಲ್ಲ ತಮ್ಮಾ. ಶಿಲುಬೆ ಮೇಲೆ ಇಬ್ಬರು ಕಳ್ಳರಿದ್ದರು. ಒಬ್ಬ ಕೊನೇ ಗಳಿಗೆಯಲ್ಲೂ ಬೈತಾನೇ ಇದ್ದ. ಕೊನೇ ಗಳಿಗೆ ಅನ್ನೋದು ತಾನಾಗೇ ಯಾರನ್ನೂ ಒಳ್ಳೆಯವರನ್ನಾಗಿ ಮಾಡಲ್ಲ.

ನಾನು ನಮ್ಮ ಸಭೆಯಲ್ಲಿ ಲೆಕ್ಕ ನೋಡಿಕೊಂಡವನು. ಗದಗದವರು ಬರೆದ ಖಜಾಂಚಿಯನ್ನ ಎಲ್ಲರೂ ಬೈತೀರಿ ಅಂತ ಗೊತ್ತು, ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಶವಾಗಾರದ ಬಾಗಿಲಲ್ಲಿ ರಸೀದಿ ಬರೆದದ್ದು ತಪ್ಪು. ಆದರೆ ಸಮಾಧಿ ಭೂಮಿಯ ಕಾಂಪೌಂಡ್ ಕಟ್ಟೋದು, ಮುಳ್ಳುಕಂಟಿ ಕಡಿಸೋದು, ಒತ್ತುವರಿ ಕೇಸಿಗೆ ವಕೀಲರಿಗೆ ಕೊಡೋದು, ಇದೆಲ್ಲಾ ಯಾರ ದುಡ್ಡು? ತಿಂಗಳಾ ತಿಂಗಳಾ ಪಿಂಚಣಿಯಲ್ಲಿ ಕಟ್ಟುವ ವಿಧವೆಯರದ್ದು. ಅವರ ಸಿಟ್ಟನ್ನೂ ಸ್ವಲ್ಪ ಅರ್ಥ ಮಾಡಿಕೊಳ್ಳಿ. ಕೈ ಕೆಸರಾದರೆ ಬಾಯಿ ಮೊಸರು ಅಂತ ಕಲಿತು ಬಂದ ಜನ ನಾವು.

---

ಕೊನೇ_ಬೆಂಚು

ಯೇಸು ಹೇಳಿದ ಕಥೆಯಲ್ಲಿ ದ್ರಾಕ್ಷೇತೋಟದ ಕೂಲಿಗಳೂ ಇದನ್ನೇ ಹೇಳಿದ್ದು ಮಾಮಾ. ದಿನವೆಲ್ಲಾ ಬಿಸಿಲಲ್ಲಿ ಕೆಸರು ತುಳಿದವರು ನಾವು, ಸಂಜೆ ಬಂದವನಿಗೂ ಅಷ್ಟೇ ಕೂಲಿನಾ ಅಂತ. ಮತ್ತಾಯ 20. ಯಜಮಾನ ಕೇಳಿದ್ದು ಒಂದೇ ಮಾತು: ನಿನಗೆ ಒಪ್ಪಿಕೊಂಡಷ್ಟು ಕೊಟ್ಟೆನಲ್ಲ, ನಾನು ಒಳ್ಳೆಯವನಾದರೆ ನಿನಗೇಕೆ ಹೊಟ್ಟೆಕಿಚ್ಚು?

---

ಯೊರ್ದನ್_ತೀರ

ಪ್ರೈಸ್ ದ ಲಾರ್ಡ್. ಗದಗದ ಬ್ರದರ್, ನಿಮ್ಮ ದುಃಖದಲ್ಲಿ ನಾನೂ ಪಾಲುದಾರ. ಆದರೆ ಸತ್ಯ ಹೇಳಲೇಬೇಕು. ಕೂಸಿದ್ದಾಗ ನೀರು ಚಿಮುಕಿಸಿದ್ದು ದೀಕ್ಷಾಸ್ನಾನವೇ ಅಲ್ಲ. ನಂಬಿ, ಮಾನಸಾಂತರಪಟ್ಟು, ನೀರಲ್ಲಿ ಮುಳುಗಿ ಏಳಬೇಕು. ಅಪೊಸ್ತಲರ ಕೃತ್ಯಗಳಲ್ಲಿ ಎಲ್ಲಾ ಕಡೆ ಹಾಗೇ ಇದೆ. ನಿಮ್ಮ ಮಾವ ಹೊಸದಾಗಿ ಹುಟ್ಟಿದ್ದು ಆ ಆಸ್ಪತ್ರೆ ಹಾಸಿಗೆಯಲ್ಲೇ. ಅದಕ್ಕೂ ಮುಂಚೆ ಅವರು ಹೆಸರಿಗೆ ಮಾತ್ರ ಕ್ರೈಸ್ತರು. ಹೀಗೆ ಹೆಸರಿಗೆ ಮಾತ್ರ ಇರುವವರೇ ದೊಡ್ಡ ಸಭೆಗಳಲ್ಲಿ ತುಂಬಿದ್ದಾರೆ.

---

ಬಲ್ಮಠ_ಬಾಬಣ್ಣ

ಬಂತು ನೋಡಿ. ಸಾವಿನ ಮನೆಯಲ್ಲೂ ಮುಳುಗೋದಾ ಚಿಮುಕಿಸೋದಾ ಅಂತ. ಶಿಲುಬೆ ಮೇಲಿನ ಕಳ್ಳನನ್ನ ಯಾರು ಮುಳುಗಿಸಿದ್ರು ಸ್ವಾಮಿ?

---

ಯೊರ್ದನ್_ತೀರ

ಅದಕ್ಕೇ ಹೇಳಿದ್ದು, ಮಾವನ ವಿಷಯದಲ್ಲಿ ನಂಬಿಕೆ ಮುಖ್ಯ, ಅವರು ಸೇರಿದ್ದಾರೆ ಅಂತಲೇ ನಾನು ನಂಬ್ತೀನಿ. ನೀವು ಪೂರ್ತಿ ಓದದೇ ಮೈಮೇಲೆ ಬೀಳ್ತೀರಿ.

---

ಹಳೇ_ಸೆಮಿನರಿ

ಈ ಜಗಳ ನಮ್ಮ ಕಮಿಟಿಗಳಿಗಿಂತ ಎಷ್ಟೋ ಹಳೇದು. ಸಾಯೋ ಹೊತ್ತಿನ ದೀಕ್ಷಾಸ್ನಾನ 4ನೇ ಶತಮಾನದಲ್ಲಿ ಸಾಮಾನ್ಯ ವಿಷಯ. ಚಕ್ರವರ್ತಿ ಕಾನ್‌ಸ್ಟಂಟೈನ್ ತಗೊಂಡಿದ್ದು 337ರಲ್ಲಿ, ಸಾಯುವ ಮುಂಚೆ. ದೀಕ್ಷಾಸ್ನಾನ ಆದ ಮೇಲೆ ಮಾಡಿದ ದೊಡ್ಡ ಪಾಪಕ್ಕೆ ಪ್ರಾಯಶ್ಚಿತ್ತ ಬಹಳ ಕಠಿಣವಾಗಿತ್ತು. ಅದಕ್ಕೇ ಎಷ್ಟೋ ಜನ "ಇರಲಿ, ಕೊನೆಗೆ ನೋಡೋಣ" ಅಂತ ಮುಂದಕ್ಕೆ ಹಾಕ್ತಿದ್ದರು. ಆಮೇಲೆ ಬಿಷಪ್ ಆಗಿ ಹೆಸರಾದ ಅಗಸ್ಟೀನನನ್ನೂ ಚಿಕ್ಕಂದಿನಲ್ಲಿ ಹೀಗೇ ಮುಂದೂಡಿದ್ದರು. ಕೊನೆಗೆ ಮಿಲಾನ್‌ನಲ್ಲಿ 387ರ ಈಸ್ಟರ್‌ನಲ್ಲಿ ಅಲ್ಲಿನ ಬಿಷಪ್ ಆಂಬ್ರೋಸ್ ಕೊಟ್ಟದ್ದು.

ಅದೇ ಅಗಸ್ಟೀನ್ ಆಮೇಲೆ ಪೆಲೇಜಿಯಸ್ ಜೊತೆ ಜಗಳಕ್ಕೆ ನಿಂತ. ಪೆಲೇಜಿಯಸ್ ಕೆಟ್ಟ ಮನುಷ್ಯ ಅಲ್ಲ, ಶಿಸ್ತಿನ ಸನ್ಯಾಸಿ. ರೋಮ್‌ನ ಕ್ರೈಸ್ತರ ಸಡಿಲ ಬದುಕು ನೋಡಿ ಬೇಸತ್ತಿದ್ದ. ದೇವರು ಆಜ್ಞೆ ಕೊಟ್ಟಿದ್ದಾನೆ ಅಂದ್ರೆ ಅದನ್ನ ಪಾಲಿಸುವ ಶಕ್ತಿಯೂ ನಮಗಿದೆ, ಮನಸ್ಸು ಮಾಡಬೇಕು ಅಷ್ಟೇ ಅಂತ ಅವನ ವಾದ. ಲೆಕ್ಕಪತ್ರ ಮಾಮ ಅವನನ್ನ ಕಂಡಿದ್ದರೆ ಸಭೆಯ ಹಿರಿಯನನ್ನಾಗಿ ಮಾಡ್ತಿದ್ದರು. ಅಗಸ್ಟೀನ್ ಹೇಳಿದ್ದು, ಆ ಮನಸ್ಸು ಮಾಡೋದೂ ದೇವರ ಕೃಪೆಯೇ, ನಾವಾಗಿ ಒಂದು ಹೆಜ್ಜೆಯನ್ನೂ ಇಡಲಾರೆವು ಅಂತ. 418ರಲ್ಲಿ ಕಾರ್ಥೇಜ್‌ನಲ್ಲಿ ಸೇರಿದ ಬಿಷಪ್ಪರು ಪೆಲೇಜಿಯಸ್‌ನ ಬೋಧನೆಯನ್ನ ತಳ್ಳಿಹಾಕಿದರು. ಅಧಿಕೃತವಾಗಿ ಅವನು ಸೋತ. ಆದ್ರೆ ನಮ್ಮ ಕಮಿಟಿ ಮೀಟಿಂಗುಗಳಲ್ಲಿ ಈಗಲೂ ಅವನದೇ ಬಹುಮತ.

---

ಲೆಕ್ಕಪತ್ರ_ಮಾಮ

ಹಳೇ ಸೆಮಿನರಿಯವರೇ, ಬೈಯೋದನ್ನೂ ಇಷ್ಟು ಓದಿಕೊಂಡು ಬೈದರೆ ಬೇಜಾರಾಗಲ್ಲ.

---

ಕೊಡಿಯಾಲ್_ಬಾಯಿ

ನಾನು ಕಥೋಲಿಕಳು, ಮಂಗಳೂರು. ಲೂಥರ್‌ನವರು ಮಾತ್ರ ಕೃಪೆ ಅಂತಾರೆ, ನಾವು ಕ್ರಿಯೆ ಅಂತೀವಿ ಅಂತ ಒಂದು ತಪ್ಪು ಕಲ್ಪನೆ ಇದೆ, ಮೊದಲೇ ಹೇಳಿಬಿಡ್ತೀನಿ. ಕ್ರಿಯೆಯ ಬಲದಿಂದಲೇ, ಕೃಪೆಯಿಲ್ಲದೆ ನೀತಿವಂತನಾಗಬಹುದು ಅನ್ನೋದನ್ನ 1547ರಲ್ಲಿ ನಮ್ಮ ಬಿಷಪ್ಪರ ಟ್ರೆಂಟ್ ಮಹಾಸಭೆಯೇ ಖಂಡಿಸಿದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಒಕ್ಕೂಟ ಮತ್ತು ವ್ಯಾಟಿಕನ್ ಒಟ್ಟಿಗೆ ಒಂದು ಹೇಳಿಕೆಗೆ ಸಹಿ ಹಾಕಿದರು. ನಮ್ಮ ಯೋಗ್ಯತೆಯಿಂದಲ್ಲ, ಕ್ರಿಸ್ತನ ಮೇಲಿನ ನಂಬಿಕೆಯಲ್ಲಿ ಕೃಪೆಯಿಂದಲೇ ದೇವರು ನಮ್ಮನ್ನ ಸ್ವೀಕರಿಸ್ತಾನೆ ಅಂತ ಇಬ್ಬರೂ ಒಪ್ಪಿದರು. 2006ರಲ್ಲಿ ಮೆಥೋಡಿಸ್ಟರೂ ಸೇರಿಕೊಂಡರು. ಇದು ಯಾವ ಪ್ರಸಂಗದಲ್ಲೂ ಬರಲ್ಲ, ನೋಡಿ.

ಸಾಯುವವರ ಹತ್ರ ಗುರುಗಳು ಓಡಿ ಹೋಗಿ ಪಾಪನಿವೇದನೆ ಕೇಳೋದು, ಎಣ್ಣೆ ಹಚ್ಚೋದು ನಮ್ಮಲ್ಲಿ ಮಾಮೂಲು. ಅದರಿಂದ ಯಾರಿಗೂ ಸಿಟ್ಟು ಬಂದದ್ದನ್ನ ನಾನು ನೋಡಿಲ್ಲ. ಸಿಟ್ಟು ಬರೋದು ಆಸ್ತಿ ಪಾಲಿಗೆ.

---

ಬೀದರ್_ಬಿದರಿ

ಮೆಥೋಡಿಸ್ಟರೂ ಸೇರಿಕೊಂಡರು ಅಂದದ್ದಕ್ಕೆ ಥ್ಯಾಂಕ್ಸ್ ಬಾಯಿ, ನಮ್ಮನ್ನ ಯಾರೂ ನೆನಪಿಡಲ್ಲ. ನಮ್ಮ ಪಂಥ ಶುರು ಮಾಡಿದ ವೆಸ್ಲಿ ಹೇಳಿದ್ದು ಇನ್ನೂ ಒಂದು ಹೆಜ್ಜೆ ಹಿಂದಿನದು. ಮನುಷ್ಯ ದೇವರ ಕಡೆ ತಿರುಗೋದಕ್ಕೂ ಮುಂಚೆನೇ ಕೃಪೆ ಅವನಲ್ಲಿ ಕೆಲಸ ಶುರು ಮಾಡಿರುತ್ತೆ, ಎಲ್ಲರಲ್ಲೂ. ಅದಕ್ಕೇ ಯಾರನ್ನೂ ಕೈಬಿಟ್ಟವರು ಅಂತ ಬರೆದು ಮುಚ್ಚಬಾರದು. ಇಂಗ್ಲೆಂಡಿನ ಚರ್ಚುಗಳು ಬಾಗಿಲು ಹಾಕಿದಾಗ ಆ ಮನುಷ್ಯ ಬಯಲಲ್ಲಿ ನಿಂತು ಕಲ್ಲಿದ್ದಲು ಗಣಿಯವರಿಗೆ ಪ್ರಸಂಗ ಮಾಡಿದ್ದು ಸುಮ್ನೆ ಅಲ್ಲ.

---

ಸೂಜಿ_ದಾರ

ಇಷ್ಟು ಜನ ಬರೆದಿದ್ದೀರಿ. ಅಗಸ್ಟೀನ್ ಬಂದ, ಪೆಲೇಜಿಯಸ್ ಬಂದ, ಟ್ರೆಂಟ್ ಬಂತು. ಆ ಅತ್ತೆ ಎಲ್ಲಿ?

ಹೊಲಿಗೆ ಮಾಡಿ ಮಕ್ಕಳನ್ನ ಸಾಕಿದ ಹೆಂಗಸಿನ ಬಗ್ಗೆ ಗದಗದವರು ಒಂದೇ ಸಾಲು ಬರೆದಿದ್ದಾರೆ. ಉಳಿದವರು ಅದೂ ಇಲ್ಲ. ನನ್ನ ಅಪ್ಪನೂ ಇದೇ ಥರ. ನಮ್ಮಮ್ಮ ರಾತ್ರಿ ಹನ್ನೆರಡಕ್ಕೂ ಬ್ಲೌಸಿಗೆ ಹುಕ್ ಹಚ್ಚುತ್ತಾ ಕೂತಿರೋಳು. ಗಿರಾಕಿ ಬೆಳಿಗ್ಗೆ ಬರ್ತಾರೆ, ದುಡ್ಡು ಬಂದ್ರೆ ಗ್ಯಾಸು. ಅಪ್ಪ ಒಂದು ದಿನ "ಯೇಸು ನನ್ನನ್ನ ಕ್ಷಮಿಸಿದ್ದಾನೆ" ಅಂತ ಬಂದ. ಸಭೆಯಲ್ಲಿ ಸಾಕ್ಷಿ ಹೇಳಿಸಿದರು, ಚಪ್ಪಾಳೆ ಹೊಡೆದರು. ಅಮ್ಮನನ್ನ ಯಾರೂ ಏನೂ ಕೇಳಲಿಲ್ಲ. ಅವಳು ಅಳದಿದ್ದಕ್ಕೆ "ಕಲ್ಲು ಮನಸ್ಸು" ಅಂದರು!

ಕೃಪೆ ಪುಕ್ಕಟೆ, ಒಪ್ಪಿದೆ. ಆದರೆ ಸುಂಕ ವಸೂಲಿಯ ಜಕ್ಕಾಯನನ್ನ ನೋಡಿ. ಯೇಸು ಅವನ ಮನೆಗೆ ಊಟಕ್ಕೆ ಬಂದ ಮೇಲೆ ಅವನು ಎದ್ದು ನಿಂತು, ಮೋಸ ಮಾಡಿ ತಗೊಂಡದ್ದನ್ನ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ಈ ಹೊತ್ತು ಈ ಮನೆಗೆ ರಕ್ಷಣೆ ಬಂತು ಅಂತ ಯೇಸು ಹೇಳಿದ್ದು ಅದಾದ ಮೇಲೆ. ವಾಪಸ್ ಕೊಟ್ಟಿದ್ದಕ್ಕೆ ರಕ್ಷಣೆ ಸಿಕ್ತು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಕೃಪೆಯಿಂದಲೇ ರಕ್ಷಣೆ ಅನ್ನೋ ಎಫೆಸ 2:8 ತಂದು ಎಸೀಬೇಡಿ. ರಕ್ಷಣೆ ಬಂದ ಮನೆಯಲ್ಲಿ ಮೊದಲು ಬದಲಾದದ್ದು ದುಡ್ಡಿನ ಲೆಕ್ಕ ಅಂತ ಹೇಳ್ತಿದ್ದೀನಿ.

---

ಹಳೇ_ಸೆಮಿನರಿ

ಎಫೆಸ 2:8 ಎಸೆಯೋರು 10ನೇ ವಚನದವರೆಗೂ ಓದಿದ್ರೆ ಸಾಕು ಅಕ್ಕಾ. ಒಳ್ಳೇ ಕ್ರಿಯೆಗಳನ್ನ ಮಾಡೋದಕ್ಕೇ ನಮ್ಮನ್ನ ಸೃಷ್ಟಿಸಿದ್ದು ಅಂತ ಅಲ್ಲೇ ಇದೆ.

---

ಗದಗ_ಗಾಳಿ

ಸೂಜಿ ದಾರ ಅಕ್ಕಾ, ನಿಮ್ಮ ಮಾತು ನಾಟಿತು. ಅತ್ತೆ ಏನಂದರು ಅಂತ ಬರೀತೀನಿ. ಮಾವ ಕ್ಷಮೆ ಕೇಳಿದಾಗ ಅವರು ಹೂಂ ಅಂದರು, ಅಷ್ಟೇ. ಮಾವನ ಬಾಯಿ ಒಣಗಿತ್ತು ಅಂತ ಹತ್ತಿ ಒದ್ದೆ ಮಾಡಿ ತುಟಿ ಒರೆಸಿದರು. ಆಮೇಲೆ ಹೊರಗೆ ಬಂದು ನನಗೆ ಹೇಳಿದ್ದು: "ದೇವರು ಕ್ಷಮಿಸಲಿ, ಅದು ಅವನ ಕೆಲಸ. ನಾನು ಇನ್ನೂ ಯೋಚನೆ ಮಾಡಾಕತ್ತೀನಿ." ಅಯ್ಯನವರು ಇದನ್ನ ಕೇಳಿಸಿಕೊಂಡರು, ಉಪದೇಶ ಮಾಡಲಿಲ್ಲ. ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಅವಾಗ.

---

ಸೂಜಿ_ದಾರ

ಅತ್ತೆಗೆ ನನ್ನ ನಮಸ್ಕಾರ ಹೇಳಿ.

---

ಮೇಲುಕೋಟೆ_ಪುಳಿಯೋಗರೆ

ನಾನು ನಿಮ್ಮವನಲ್ಲ, ಆದರೂ ಬಾಯಿ ಹಾಕ್ತೀನಿ. ನಿಮ್ಮ ಜಗಳ ಓದ್ತಾ ಓದ್ತಾ ನಮ್ಮ ಮನೆ ಜಗಳದ ಹಾಗೇ ಇದೆ ಅನ್ನಿಸ್ತು. ಶ್ರೀವೈಷ್ಣವರಲ್ಲಿ ಇದನ್ನ ಕೋತಿಮರಿ, ಬೆಕ್ಕಿನ ಮರಿ ಅಂತ ಹೇಳ್ತಾರೆ. ಕೋತಿಮರಿ ತಾಯಿಯನ್ನ ತಾನೇ ಗಟ್ಟಿಯಾಗಿ ಹಿಡ್ಕೋಬೇಕು. ಬೆಕ್ಕಿನ ಮರಿ ಸುಮ್ನೆ ಇದ್ರೆ ಸಾಕು, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತೆ. ವೇದಾಂತ ದೇಶಿಕರ ಕಡೆಯವರು ವಡಗಲೆ, ಕೋತಿಮರಿ ಪಕ್ಷ. ಪಿಳ್ಳೈ ಲೋಕಾಚಾರ್ಯರ ಕಡೆಯವರು ತೆಂಗಲೆ, ಬೆಕ್ಕಿನ ಪಕ್ಷ. ಇದಕ್ಕೆ ನಾಮದ ಆಕಾರವೂ ಬೇರೆ ಆಯ್ತು, ಕೋರ್ಟು ಕಚೇರಿಯೂ ಆಯ್ತು. ನಿಮ್ಮ ಅಗಸ್ಟೀನ್ ಅಪ್ಪಟ ತೆಂಗಲೆ.

---

ಬಲ್ಮಠ_ಬಾಬಣ್ಣ

ಅಗಸ್ಟೀನ್ ಅಯ್ಯಂಗಾರ್ 😄

---

ಉಡುಪಿ_ತಿಂಡಿ

ಹಾಗಾದ್ರೆ ಯಾರಿಗೆ ರಕ್ಷಣೆ ಅಂತ ದೇವರು ಮೊದಲೇ ಆರಿಸಿದ್ದಾನೆ ಅಂದ ನಿಮ್ಮ ಕ್ಯಾಲ್ವಿನ್ ನಮ್ಮ ಕಡೆಯವನು. ಮಧ್ವಮತದಲ್ಲಿ ಜೀವರಲ್ಲಿ ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಹುಟ್ಟಾ ಹಾಗೇ, ಬದಲಾಗಲ್ಲ. ಎಲ್ಲರಿಗೂ ಮೋಕ್ಷ ಇಲ್ಲ ಅಂತ ನೇರವಾಗಿ ಹೇಳಿದವರು ನಮ್ಮಲ್ಲಿ ಅವರೇ.

---

ಹಳೇ_ಸೆಮಿನರಿ

ಹೋಲಿಕೆ ಚೆನ್ನಾಗಿದೆ, ಆದ್ರೆ ಪೂರ್ತಿ ಕೂರಲ್ಲ ಉಡುಪಿಯವರೇ. ಮಧ್ವರಲ್ಲಿ ಅದು ಜೀವದ ಸ್ವಭಾವ. ಕ್ಯಾಲ್ವಿನ್‌ನಲ್ಲಿ ಎಲ್ಲರೂ ಒಂದೇ ಸ್ವಭಾವದ ಪಾಪಿಗಳು, ಆರಿಸೋದು ದೇವರ ಇಚ್ಛೆ. ಈ ಆರಿಸೋ ವಿಷಯಕ್ಕೇ ಹಾಲೆಂಡಿನಲ್ಲಿ ಅರ್ಮಿನಿಯಸ್‌ನ ಶಿಷ್ಯರು ತಕರಾರು ತೆಗೆದರು, 1618-19ರಲ್ಲಿ ಡಾರ್ಟ್ ಎಂಬ ಊರಲ್ಲಿ ತಿಂಗಳುಗಟ್ಟಲೆ ಸಭೆ ನಡೆದು ಅವರನ್ನ ಹೊರಗೆ ಹಾಕಿದರು. ಬೀದರ್‌ನವರ ವೆಸ್ಲಿ ಅರ್ಮಿನಿಯಸ್ ಕಡೆ.

---

ಮೇಲುಕೋಟೆ_ಪುಳಿಯೋಗರೆ

ನೀನೊಲಿದರೆ ಕೊರಡು ಕೊನರುವುದು ಅಂದ ಬಸವಣ್ಣನವರನ್ನ ಯಾವ ಕಡೆ ಹಾಕ್ತೀರಿ?

---

ನಿರ್ವಾಹಕ

ಯಾವ ಕಡೆಗೂ ಹಾಕೋದು ಬೇಡ, ಪ್ಲೀಸ್. ಹಿಂದಿನ ಸಲ ಅದಕ್ಕೇ ಬೀಗ ಹಾಕಬೇಕಾಯ್ತು. ವಿಷಯಕ್ಕೆ ಬನ್ನಿ.

---

ದನಿಯಿಲ್ಲದ_ಗಂಟೆ

ವಿಷಯಕ್ಕೇ ಬರ್ತೀನಿ. ಗದಗ ಗಾಳಿ, ನಿಮ್ಮ ಮೊದಲ ಪೋಸ್ಟ್‌ನಲ್ಲಿ ಒಂದು ಮಾತು ಇದೆ, ಎಲ್ಲರೂ ದಾಟಿಕೊಂಡು ಹೋದರು. "ಅಯ್ಯನವರನ್ನ ಕರೆಸ್ರಿ ಅಂತ ಅವರೇ ಕೇಳಿದರು." ಅಂದ್ರೆ ಅಷ್ಟೂ ವರ್ಷ ಯಾರೂ ಹೋಗಿರಲಿಲ್ಲ, ಸರಿನಾ? ನಿಮ್ಮ ಸಭೆಯಲ್ಲಿ ಊರೂರಿಗೆ ಹೋಗಿ ಯೇಸುವಿನ ವಿಷಯ ಸಾರೋ ಸುವಾರ್ತಾ ತಂಡ ಇದೆಯಾ? ಇದ್ದೇ ಇರುತ್ತೆ. ಎಲ್ಲಿಗೆ ಹೋಗುತ್ತೆ?

ಲೂಕ 15ರಲ್ಲಿ ಯೇಸು ಹೇಳಿದ ಕಥೆಗಳಲ್ಲಿ ಕುರಿ ಕಳೆದುಹೋದ್ರೆ ಕುರುಬ ಹುಡುಕಿಕೊಂಡು ಹೋಗ್ತಾನೆ. ನಾಣ್ಯ ಕಳೆದ್ರೆ ಹೆಂಗಸು ದೀಪ ಹಚ್ಚಿ ಮನೆ ಗುಡಿಸ್ತಾಳೆ. ಮಗ ಕಳೆದುಹೋದಾಗ? ಯಾರೂ ಹೋಗಲ್ಲ. ಅಪ್ಪ ಮನೆಯಿಂದ ದಾರಿ ನೋಡ್ತಾನೆ. ಹೋಗಬೇಕಾದವನು ಅಣ್ಣ. ಅವನಿಗೆ ತಮ್ಮ ವೇಶ್ಯೆಯರ ಜೊತೆ ದುಡ್ಡು ಹಾಳು ಮಾಡಿದ ಅನ್ನೋ ಸುದ್ದಿ ಗೊತ್ತು, ಅಂದ್ರೆ ತಮ್ಮ ಎಲ್ಲಿದ್ದಾನೆ ಅಂತಲೂ ಗೊತ್ತಿರಬೇಕು. ಹೋಗಲಿಲ್ಲ. ನಿಮ್ಮ ಮಾವ ಎಲ್ಲಿ ಕೂತು ಕುಡೀತಿದ್ದರು ಅಂತ ನಿಮ್ಮ ಕಮಿಟಿಯವರಿಗೆ ಗೊತ್ತಿರಲಿಲ್ಲವಾ?

---

ಗದಗ_ಗಾಳಿ

ಗೊತ್ತಿತ್ತು. ಬಸ್‌ಸ್ಟ್ಯಾಂಡ್ ಹಿಂದಿನ ಅಂಗಡಿ. ನಮ್ಮ ತಂಡದ ವ್ಯಾನು ಹಳ್ಳಿಗಳಿಗೆ ಹೋಗೋದು ಅದೇ ರಸ್ತೆಯಲ್ಲಿ. ಎಷ್ಟೋ ಸಲ ನಾನೂ ಆ ವ್ಯಾನಲ್ಲಿ ಡೋಲಕ್ ಹಿಡಿದು ಕೂತಿದ್ದೀನಿ.

---

ಯೊರ್ದನ್_ತೀರ

ಬ್ರದರ್, ದೂರದ ಹಳ್ಳಿಗೂ ಹೋಗಬೇಕು, ಹತ್ತಿರದವರಿಗೂ ಹೇಳಬೇಕು. ಸಾರುವವನಿಲ್ಲದೆ ಕೇಳುವುದು ಹೇಗೆ ಅಂತ ರೋಮಾಪುರ 10:14. ಅದನ್ನ ನಿಲ್ಲಿಸಿ ಅಂತ ಮಾತ್ರ ಯಾರೂ ಹೇಳಬೇಡಿ.

---

ಬಲ್ಮಠ_ಬಾಬಣ್ಣ

ಯಾರೂ ನಿಲ್ಲಿಸಿ ಅಂದಿಲ್ಲ. ಆದ್ರೆ ಹೇಗೆ ಅನ್ನೋದರ ಬಗ್ಗೆ ನಮ್ಮ ಊರಿನ ಕಥೆ ಹೇಳ್ತೀನಿ.

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಮೂವರು ಮಂಗಳೂರಿಗೆ ಬಂದರು: ಹೆಬಿಕ್, ಲೆಹ್ನರ್, ಗ್ರೈನರ್. ಹೆಬಿಕ್ ಉದ್ದ ಗಡ್ಡದ ಮನುಷ್ಯ, ಜಾತ್ರೆಗಳಿಗೆ ಹೋಗಿ ನಿಂತು ಪ್ರಸಂಗ ಮಾಡೋನು. ಜನ ಕಲ್ಲು ಮಣ್ಣು ಎಸೆದದ್ದೂ ಇದೆ. ಬ್ರಿಟಿಷ್ ಅಧಿಕಾರಿಗಳ ಬಂಗಲೆಗೂ ಹೋಗಿ ನಿನ್ನ ಆತ್ಮದ ಗತಿ ಏನು ಅಂತ ಕೇಳ್ತಿದ್ದ. ಅವನಿಗೆ ದೊರೆ, ಕೂಲಿ ಅಂತ ಭೇದ ಇರಲಿಲ್ಲ. ಅದು ನನಗೆ ಇಷ್ಟ.

ಆದ್ರೆ ನಿಜವಾದ ಕಷ್ಟ ಶುರುವಾಗೋದು ದೀಕ್ಷಾಸ್ನಾನ ಆದ ಮೇಲೆ. ಜಾತಿಯಿಂದ ಹೊರಗೆ, ಮನೆಯಿಂದ ಹೊರಗೆ, ಕಸುಬು ಇಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಹುಡುಗ ದೀಕ್ಷಾಸ್ನಾನ ತಗೊಂಡಾಗ ಮಂಗಳೂರು ಅಲ್ಲೋಲಕಲ್ಲೋಲ ಆಯ್ತು. ಅವನಿಗಾದ್ರೂ ಓದು ಇತ್ತು, ಬಾಸೆಲ್‌ಗೆ ಹೋಗಿ ಕಲಿತು ಬಂದ. ಓದಿಲ್ಲದವರು ಏನು ತಿನ್ನಬೇಕು? ಅದಕ್ಕೇ ನೇಯ್ಗೆ ಕಾರ್ಖಾನೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಆಗ ಶುರುವಾಯ್ತು ನೋಡಿ, "ಇವರು ಕೆಲಸಕ್ಕೋಸ್ಕರ ಬಂದವರು" ಅನ್ನೋ ಮಾತು. ಹೊರಗಿನವರಷ್ಟೇ ಅಲ್ಲ, ಮಿಷನ್ ಒಳಗೂ ಆ ಅನುಮಾನ ಇತ್ತು. ನಮ್ಮ ಮುತ್ತಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡ್ತಿದ್ದವರು. ನಾನು ಕೇಳೋದಿಷ್ಟೇ. ಹೊಟ್ಟೆಗೆ ಹಿಟ್ಟಿಲ್ಲದವನು ಹೊಟ್ಟೆಯ ಜೊತೆಗೇ ಬಂದ್ರೆ ಅದು ಸುಳ್ಳು ನಂಬಿಕೆ. ಹೊಟ್ಟೆ ತುಂಬಿದವನು ಬಂದ್ರೆ ಅದು ನಿಜವಾದ ನಂಬಿಕೆ. ಈ ಅಳತೆ ಯಾರು ಮಾಡಿದ್ದು?

---

ಲೆಕ್ಕಪತ್ರ_ಮಾಮ

ಒಳ್ಳೇ ಪ್ರಶ್ನೆ. ಆದ್ರೆ ಹೆಬಿಕ್ ಅಂದ ಕೂಡಲೇ ಮಂಗಳೂರಿನವರು ತಮ್ಮವನು ಅಂತ ಎತ್ತಿಕೊಳ್ತೀರಿ. ಅವನ ದೊಡ್ಡ ಕೆಲಸ ನಡೆದದ್ದು ಕಣ್ಣೂರಲ್ಲಿ. 1859ರಲ್ಲಿ ಊರಿಗೆ ವಾಪಸ್ ಹೋದದ್ದೂ ಅಲ್ಲಿಂದಲೇ. ನಮ್ಮ ಧಾರವಾಡಕ್ಕೂ ಬಾಸೆಲ್‌ನವರು 1837ಕ್ಕೇ ಬಂದಿದ್ದರು, ಅದನ್ನ ಯಾರೂ ಹೇಳಲ್ಲ.

---

ಬೀದರ್_ಬಿದರಿ

ಇನ್ನೂ ಹಿಂದಕ್ಕೆ ಹೋದ್ರೆ 1810ರಲ್ಲೇ ಬಳ್ಳಾರಿಗೆ ಜಾನ್ ಹ್ಯಾಂಡ್ಸ್ ಬಂದಿದ್ದ, ಲಂಡನ್ ಮಿಷನ್‌ನವನು. ಪೂರ್ತಿ ಕನ್ನಡ ಬೈಬಲ್ 1831ರಲ್ಲಿ ಬಂದದ್ದು ಅವರ ದುಡಿಮೆಯಿಂದ. ಕರಾವಳಿಯವರು ಎಲ್ಲಾ ತಮ್ಮಲ್ಲೇ ಶುರುವಾಯ್ತು ಅಂದುಕೊಂಡಿದ್ದಾರೆ.

---

ಬಲ್ಮಠ_ಬಾಬಣ್ಣ

ಆಯ್ತು ಮಾರಾಯ್ರೆ, ಖಾಕಿ ಬಣ್ಣ ಆದ್ರೂ ನಮ್ಮ ಬಲ್ಮಠದ ನೇಯ್ಗೆ ಕಾರ್ಖಾನೆಯದ್ದು ಅಂತ ಒಪ್ಪಿಕೊಳ್ಳಿ.

---

ನಿರ್ವಾಹಕ

ಖಾಕಿಗೆ ಬೇರೆ ಚರ್ಚೆ ಶುರು ಮಾಡಿ.

---

ದನಿಯಿಲ್ಲದ_ಗಂಟೆ

ಬಾಬಣ್ಣನ ಮಾತಲ್ಲಿ ಮುಖ್ಯವಾದದ್ದು ಹೆಬಿಕ್ ಬಂಗಲೆಗೂ ಹೋಗ್ತಿದ್ದ ಅನ್ನೋದು. ಸೂಜಿ ದಾರ ಅಕ್ಕ ಜಕ್ಕಾಯನ ಕಥೆ ಹೇಳಿದರಲ್ಲ, ಅದರ ಕೊನೇ ವಚನ ನೋಡಿ, ಲೂಕ 19:10. ಮನುಷ್ಯಕುಮಾರ ಬಂದದ್ದು ಕಳೆದುಹೋದದ್ದನ್ನ ಹುಡುಕಿ ರಕ್ಷಿಸೋದಕ್ಕೆ. ನಮ್ಮ ಎಲ್ಲಾ ಸುವಾರ್ತಾ ಕೂಟದ ಬ್ಯಾನರ್ ಮೇಲೂ ಈ ವಚನ ಇರುತ್ತೆ. ಯೇಸು ಇದನ್ನ ಹೇಳಿದ್ದು ಯಾರ ಮನೆಯಲ್ಲಿ? ಊರಿನ ದೊಡ್ಡ ಶ್ರೀಮಂತನ ಮನೆಯಲ್ಲಿ. ಜನರಿಂದ ಸುಲಿದು ತಿಂದವನ ಮನೆಯಲ್ಲಿ. ನಾವು ಆ ಬ್ಯಾನರ್ ಕಟ್ಟೋದು ಎಲ್ಲಿ? ಕೊಳೆಗೇರಿಯಲ್ಲಿ, ಹಟ್ಟಿಯಲ್ಲಿ, ಕಟ್ಟಡ ಕೆಲಸದವರ ಶೆಡ್ ಹತ್ರ. ಬಡವನ ಮನೆ ಬಾಗಿಲು ಬಡಿಯೋಕೆ ನಮಗೆ ಧೈರ್ಯ ಜಾಸ್ತಿ. ಬಡ್ಡಿ ವ್ಯಾಪಾರಿಯ ಗೇಟಿನ ಮುಂದೆ ನಿಂತು "ನೀನು ಕಳೆದುಹೋಗಿದ್ದೀಯ" ಅಂತ ಹೇಳಿದ ಒಬ್ಬ ಪಾಸ್ಟರ್ ತೋರಿಸಿ.

---

ಕೊನೇ_ಬೆಂಚು

ನಮ್ಮ ಸಭೆಯ ಜಕ್ಕಾಯ ಮೊದಲ ಬೆಂಚಲ್ಲೇ ಕೂರ್ತಾನೆ. ಫ್ಯಾನ್ ಮೇಲೆ ಅವನ ಹೆಸರಿದೆ.

---

ಯೊರ್ದನ್_ತೀರ

ಬಡವರು ಕೇಳ್ತಾರೆ, ಶ್ರೀಮಂತರು ನಾಯಿ ಬಿಡ್ತಾರೆ. ನಾನು ಅಪಾರ್ಟ್‌ಮೆಂಟುಗಳಿಗೆ ಹೋಗಿದ್ದೀನಿ ಸಿಸ್ಟರ್, ವಾಚ್‌ಮನ್ ದಾಟೋಕಾಗಲ್ಲ. ಕೊನೆಗೆ ಆ ವಾಚ್‌ಮನ್‌ಗೇ ಸುವಾರ್ತೆ ಹೇಳಿ ಬಂದೆ.

---

ದನಿಯಿಲ್ಲದ_ಗಂಟೆ

ನಾನು ಸಿಸ್ಟರ್ ಅಲ್ಲ, ಬ್ರದರ್. ಆದ್ರೆ ವಾಚ್‌ಮನ್ ಕಥೆ ಚೆನ್ನಾಗಿದೆ.

---

ಸುಮ್ನೆ_ಓದುಗ

ಕೃಪೆ ಎಲ್ಲಾ ದೇವರದ್ದೇ ಕೆಲಸ ಆದ್ರೆ ನಾವು ಹೋಗೋದು ಯಾಕೆ? ಮಿಷನರಿ ವಿಲಿಯಂ ಕೇರಿಗೂ ಹಿರಿಯನೊಬ್ಬ ಹೇಳಿದ್ದನಂತಲ್ಲ, "ಕೂತ್ಕೋ ಹುಡುಗ, ದೇವರಿಗೆ ಬೇಕಾದಾಗ ನಿನ್ನ ಸಹಾಯ ಇಲ್ಲದೆ ಮಾಡ್ತಾನೆ" ಅಂತ.

---

ಹಳೇ_ಸೆಮಿನರಿ

ಆ ಮಾತನ್ನ ಜಾನ್ ರೈಲ್ಯಾಂಡ್ ಎಂಬ ಹಿರಿಯನ ಬಾಯಿಗೆ ಹಾಕ್ತಾರೆ. ಅವನ ಮಗನೇ ಅದನ್ನ ಅಲ್ಲಗಳೆದಿದ್ದಾನೆ. ಪ್ರಸಂಗಗಳಲ್ಲಿ ಮಾತ್ರ ಸಾಯದೇ ಉಳಿದಿದೆ. ನಿಜ ಏನಂದ್ರೆ, ಕೇರಿ 1793ರಲ್ಲಿ ಬಂಗಾಳಕ್ಕೆ ಬಂದ, ಮೊದಲ ದೀಕ್ಷಾಸ್ನಾನ, ಕೃಷ್ಣ ಪಾಲ್ ಎಂಬ ಬಡಗಿಯದ್ದು, ಆದದ್ದು 1800ರ ಕೊನೆಗೆ. ಆ ಬಡಗಿ ಹತ್ತಿರ ಬಂದದ್ದು ಹೇಗೆ? ಬಿದ್ದು ತೋಳು ಕೀಲು ತಪ್ಪಿತ್ತು, ಮಿಷನ್‌ನ ಡಾಕ್ಟರ್ ಥಾಮಸ್ ಬಂದು ಕೂರಿಸಿದ. ಕೃಪೆ ತೋಳಿನ ಮೂಲಕವೂ ಬರುತ್ತೆ ಅಂತ ನಾನು ತಿಳ್ಕೊಂಡಿದ್ದೀನಿ.

---

ಮೈಸೂರು_ಮಲ್ಲಿಗೆ_ಮೊಗ್ಗು

ನಾನು ಮದುವೆಗೆ ಮುಂಚೆ ಹಿಂದೂ. ಈಗ ಗಂಡನ ಜೊತೆ ಚರ್ಚಿಗೆ ಹೋಗ್ತೀನಿ, ನಂಬಿಕೆಯಿಂದಲೇ. ಗದಗದವರ ಮಾವನಿಗಾದ್ರೂ ಕೊನೇ ವಾರ ಸಿಕ್ತು. ನನ್ನ ಅಮ್ಮ ಚಾಮುಂಡಿ ಬೆಟ್ಟಕ್ಕೆ ಹೋಗುವವಳು, ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ, ಹಾಗೇ ಹೋದಳು. ಅವಳು "ಕಳೆದುಹೋದವಳು" ಅಂತ ಪ್ರಾರ್ಥನೆ ಕೂಟದಲ್ಲಿ ಒಬ್ಬರು ನನ್ನೆದುರೇ ಹೇಳಿದರು. ನೀವೆಲ್ಲಾ ಓದಿದವರು. ಏನಂತೀರಿ?

---

ಕೊಡಿಯಾಲ್_ಬಾಯಿ

ಹಾಗೆ ಹೇಳಿದವರಿಗೆ ಮೊದಲು ಮರ್ಯಾದೆ ಕಲಿಸಬೇಕು ಮಗಾ.

ನಮ್ಮ ಧರ್ಮಸಭೆಯ ಹೊರಗೆ ರಕ್ಷಣೆ ಇಲ್ಲ ಅನ್ನೋ ಮಾತು 3ನೇ ಶತಮಾನದ ಬಿಷಪ್ ಸಿಪ್ರಿಯನ್ ಕಾಲದಿಂದ ಇದೆ. ಬಾಸ್ಟನ್‌ನಲ್ಲಿ ಲಿಯೊನಾರ್ಡ್ ಫೀನಿ ಅಂತ ಒಬ್ಬ ಪಾದ್ರಿ ಅದನ್ನ ಅಕ್ಷರಕ್ಕೆ ಅಕ್ಷರ ಹಿಡಿದು, ಕಥೋಲಿಕರಲ್ಲದವರೆಲ್ಲಾ ನರಕಕ್ಕೆ ಅಂತ ಬೋಧಿಸಿದ.  ರೋಮ್ 1949ರಲ್ಲೇ ಅವನ ಅರ್ಥ ತಪ್ಪು ಅಂತ ಪತ್ರ ಬರೆಯಿತು. ರೋಮ್‌ಗೆ ಬಾ ಅಂದ್ರೆ ಹೋಗಲಿಲ್ಲ. 1953ರಲ್ಲಿ ಅವನನ್ನೇ ಬಹಿಷ್ಕರಿಸಿದರು! ಹೊರಗೆ ರಕ್ಷಣೆ ಇಲ್ಲ ಅಂತ ಹೇಳಿ ಹೇಳಿ ತಾನೇ ಹೊರಗೆ ಬಿದ್ದ. ಆಮೇಲೆ 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಹೇಳಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನ ಅರಿಯದೆ, ಪ್ರಾಮಾಣಿಕವಾಗಿ ದೇವರನ್ನ ಹುಡುಕಿ, ಮನಸ್ಸಾಕ್ಷಿಯಂತೆ ಕೃಪೆಯಿಂದ ನಡೆದವರಿಗೂ ರಕ್ಷಣೆ ಸಾಧ್ಯ ಅಂತ.

---

ಯೊರ್ದನ್_ತೀರ

ನಾನಿದನ್ನ ಒಪ್ಪಲ್ಲ. ಯೇಸುವಿನ ಹೆಸರಿನ ಹೊರತು ಬೇರೆ ಹೆಸರಿಲ್ಲ, ಅಪೊಸ್ತಲರ ಕೃತ್ಯಗಳು 4:12. ಮಹಾಸಭೆ ಏನೇ ಹೇಳಲಿ, ವಾಕ್ಯ ದೊಡ್ಡದು. ಆದರೆ ಮೈಸೂರಿನ ಸಿಸ್ಟರ್, ನಿಮ್ಮ ತಾಯಿಯ ತೀರ್ಪು ನನ್ನ ಕೈಯಲ್ಲಿಲ್ಲ, ಆ ಪ್ರಾರ್ಥನೆ ಕೂಟದವರ ಕೈಯಲ್ಲೂ ಇಲ್ಲ. ಕೊನೇ ಉಸಿರಲ್ಲಿ ದೇವರು ಅವರ ಜೊತೆ ಏನು ಮಾತಾಡಿದ ಅಂತ ಯಾರು ನೋಡಿದ್ದಾರೆ?

---

ಬಲ್ಮಠ_ಬಾಬಣ್ಣ

ಯೊರ್ದನ್ ತೀರದವರೇ, ಈ ಒಂದು ಪೋಸ್ಟಿಗೆ ನನ್ನ ಲೈಕ್. ಮುಳುಗಿಸೋದರ ಬಗ್ಗೆ ಜಗಳ ಮುಂದುವರಿಯುತ್ತೆ.

---

ಮೈಸೂರು_ಮಲ್ಲಿಗೆ_ಮೊಗ್ಗು

ಬಾಯಿಯವರಿಗೂ ಬ್ರದರ್‌ಗೂ ಥ್ಯಾಂಕ್ಸ್. ಇಬ್ಬರ ಉತ್ತರವೂ ಬೇರೆ ಬೇರೆ. ಆದ್ರೂ ಇವತ್ತು ನಿದ್ದೆ ಬರಬಹುದು.

---

ಲೆಕ್ಕಪತ್ರ_ಮಾಮ

ನನಗೊಂದು ಅನುಮಾನ ಉಳಿದಿದೆ. ಕೊನೇ ವಾರದಲ್ಲಿ ಬಂದ್ರೂ ಸಾಕು ಅಂತ ಹೇಳಿದ್ರೆ ಹುಡುಗರು "ಹಾಗಿದ್ರೆ ಈಗ ಮಜಾ ಮಾಡೋಣ" ಅನ್ನಲ್ವಾ? ಪೌಲನಿಗೂ ಇದೇ ಪ್ರಶ್ನೆ ಬಂದಿತ್ತು, ರೋಮಾಪುರ 6. ಅವನ ಉತ್ತರ "ಎಂದಿಗೂ ಇಲ್ಲ". ಉತ್ತರ ಸರಿ. ಆದ್ರೆ ಯುವಜನ ಕೂಟದಲ್ಲಿ ಅದನ್ನ ಹೇಳಿ ಒಪ್ಪಿಸೋದು ಹೇಗೆ?

---

ಜೈಲು_ರಸ್ತೆ

ಮಾಮಾ, ನಾನು ಜೈಲಿನಲ್ಲಿ ಪ್ರಾರ್ಥನೆ ನಡೆಸೋ ತಂಡದವನು. ನಿಮ್ಮ ಪ್ರಶ್ನೆಯನ್ನ ಅಲ್ಲಿ ಯಾರೂ ಕೇಳಲ್ಲ. ಜೀವಾವಧಿ ಶಿಕ್ಷೆಯಲ್ಲಿರುವ ಒಬ್ಬರು ನನ್ನನ್ನ ಕೇಳಿದ್ದು ಉಲ್ಟಾ: "ನಾನು ಕೊಂದವನ ಮನೆಯವರು ಕ್ಷಮಿಸದೇ ದೇವರು ಹೇಗೆ ಕ್ಷಮಿಸ್ತಾನೆ? ಅದು ಅವರಿಗೆ ಅನ್ಯಾಯ ಅಲ್ವಾ?" ಕೃಪೆ ಅಗ್ಗ ಆಗಿಬಿಡುತ್ತೆ ಅಂತ ಹೆದರೋದು ಹೊರಗಿರೋ ನಾವು. ಒಳಗಿರೋರಿಗೆ ಅದು ಸಿಕ್ಕಾಪಟ್ಟೆ ದುಬಾರಿ ಅನ್ನಿಸುತ್ತೆ, ಕೊಟ್ರೂ ಕೈ ಚಾಚಲ್ಲ. ಆ ಮನುಷ್ಯ ಇನ್ನೂ ಚಾಚಿಲ್ಲ. ಪ್ರತಿ ಸಲ ಕೊನೆಯಲ್ಲಿ ಕೂತು ಕೇಳಿ ಎದ್ದು ಹೋಗ್ತಾರೆ.

---

ಸೂಜಿ_ದಾರ

ಆ ಕೈದಿ ಕೇಳಿದ್ದೇ ನನ್ನ ಪ್ರಶ್ನೆ. ಅವರಿಗೆ ಏನು ಹೇಳಿದ್ರಿ?

---

ಜೈಲು_ರಸ್ತೆ

ಆ ಮನೆಯವರಿಗೆ ಒಂದು ಕಾಗದ ಬರೀತೀರಾ ಅಂತ ಕೇಳಿದೆ. ಅಯ್ಯನವರ ಮೂಲಕ, ಮೊದಲು ಅವರಿಗೆ ಓದೋ ಮನಸ್ಸಿದೆಯಾ ಅಂತ ವಿಚಾರಿಸಿ. ಯೋಚನೆ ಮಾಡ್ತೀನಿ ಅಂದಿದ್ದಾರೆ.

ಅಂದ ಹಾಗೆ ಒಂದು ಸಹಾಯ ಬೇಕು. ಒಳಗೆ ವಯಸ್ಸಾದವರು ಜಾಸ್ತಿ. ನಾವು ಕೊಡೋ ಪುಟ್ಟ ಹೊಸ ಒಡಂಬಡಿಕೆಯ ಅಕ್ಷರ ಅವರಿಗೆ ಕಾಣಲ್ಲ. ದೊಡ್ಡಕ್ಷರದ ಕನ್ನಡದ್ದು ಎಲ್ಲಿ ಸಿಗುತ್ತೆ?

---

ಬೀದರ್_ಬಿದರಿ

ಬೆಂಗಳೂರು ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಯಲ್ಲಿ ಕೇಳಿ ನೋಡಿ. ಜಾಸ್ತಿ ಪ್ರತಿ ಬೇಕಾದ್ರೆ ಮೊದಲೇ ಫೋನ್ ಮಾಡಿ ಹೋಗಿ.

---

ಲೆಕ್ಕಪತ್ರ_ಮಾಮ

ದೊಡ್ಡಕ್ಷರದ್ದು ತೂಕ ಜಾಸ್ತಿ, ಕೈಯಲ್ಲಿ ಹಿಡಿದು ಓದೋದು ಕಷ್ಟ. ಅದರ ಬದಲು ಓದೋ ಕನ್ನಡಕ ಕೊಡ್ರಿ. ಸಂತೆಯಲ್ಲಿ ಅಗ್ಗಕ್ಕೆ ಸಿಗ್ತಾವೆ. ಜೈಲಿನವರು ಒಳಗೆ ಬಿಡ್ತಾರೇನು?

---

ಜೈಲು_ರಸ್ತೆ

ಗಾಜಿನದ್ದು ಬಿಡಲ್ಲ ಅನ್ನಿಸುತ್ತೆ ಮಾಮಾ, ಪ್ಲಾಸ್ಟಿಕ್ಕಿನದ್ದು ಕೇಳಿ ನೋಡ್ತೀನಿ. ಯಾವ ನಂಬರು ತರೋದು, ಎರಡಾ ಎರಡೂವರೆನಾ?